ಟೈಲರಮ್ಮ ಏನು ಹೇಳಿದಳು

ನನ್ನ ತಮ್ಮ ತನ್ನ ಹೆಂಡತಿಗೆ ಫೋನು ಮಾಡಿ "ಮನೆಗೆ ಬಾ" ಎನ್ನುವ ಬದಲು ಒಂದು ಮೀಡಿಯಾ ಸರ್ವರ್ ಕಟ್ಟಿದ. ಗಂಡಸರು ಸುಲಭದ ಕೆಲಸ ಬಿಟ್ಟು ಕಷ್ಟದ ಕೆಲಸ ಹಿಡಿಯುವುದು ನನಗೆ ಹೊಸದಲ್ಲ. ಆದರೂ ಇಷ್ಟು ಸುತ್ತುದಾರಿ ಹಿಡಿದವರು ನಮ್ಮ ವಂಶದಲ್ಲಿ ಯಾರೂ ಇರಲಿಲ್ಲ.

ತಮ್ಮ ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತ. ಅಂಗಡಿಗಳ ತಕ್ಕಡಿ ಸರಿಯಿದೆಯೆಂದು ಮುದ್ರೆ ಒತ್ತಿಸುವುದು ಅವನ ಕೆಲಸ. ಅವನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಬೀದಿಗೆಲ್ಲ ಅವಳು ಟೈಲರಮ್ಮ, ನನಗೂ ಅದೇ ರೂಢಿಯಾಗಿದೆ. ಮುಂದಿನ ಕೋಣೆಯ ಕಿಟಕಿ ಪಕ್ಕ ಅವಳ ಹೊಲಿಗೆ ಯಂತ್ರವಿತ್ತು. ಹಿಂದಿನ ಕೋಣೆ ನನ್ನದು. ನಡುವಿನ ಕೋಣೆಯಲ್ಲಿ ನನ್ನ ತಮ್ಮ ಏನನ್ನಾದರೂ ಬಿಚ್ಚಿಕೊಂಡು ಕೂತಿರುತ್ತಿದ್ದ.

ಟೈಲರಮ್ಮನ ಅಕ್ಕ ಸ್ಟೂಲಿನಿಂದ ಬಿದ್ದು ಕಾಲು ಮುರಿದುಕೊಂಡರು. ನೋಡಿಕೊಳ್ಳಲು ಇವಳು ಯಂತ್ರ ಸಮೇತ ರೈಲು ಹತ್ತಿದಳು. ಕಾಲು ಕೂಡಿತು. ಅಕ್ಕ ಕೋಲು ಬಿಟ್ಟರಂತೆ, ಮೆಟ್ಟಿಲು ಹತ್ತಿದರಂತೆ, ಮಾರ್ಕೆಟ್ಟಿಗೆ ನಡೆದು ಹೋಗಿ ಬೆಲೆಯ ವಿಷಯಕ್ಕೆ ಜಗಳ ಕೂಡ ಆಡಿ ಬಂದರಂತೆ. ಟೈಲರಮ್ಮ ಮಾತ್ರ ಬರಲಿಲ್ಲ. ಗಂಡ ಹೆಂಡಿರು ಜಗಳವಾಡಿದ್ದರೆ ನಡುವೆ ಕೂತು ರಾಜಿ ಮಾಡಿಸಬಹುದಿತ್ತು. ಇವರು ಜಗಳವಾಡುವಷ್ಟು ಮಾತನ್ನೂ ಆಡಿರಲಿಲ್ಲ.

"ಫೋನು ಮಾಡಿ ಕರೆಯೋ," ಎಂದೆ.

"ಕರೆದರೆ ಬರ್ತಾಳೆ ಅಕ್ಕಾ."

"ಬರಲಿ, ಅದಕ್ಕೇ ತಾನೇ ಕರೆಯೋದು?"

"ಕರೆದದ್ದಕ್ಕೆ ಬಂದ ಹಾಗಾಗುತ್ತೆ. ಅವಳಿಗೇ ಬರಬೇಕು ಅನ್ನಿಸಬೇಕು."

ಅವಳಿಗೇ ಅನ್ನಿಸುವಂತೆ ಮಾಡಲು ಅವನು ಹೂಡಿದ ಉಪಾಯವೇ ಸರ್ವರ್. ಹಳೆಯ ಕ್ಯಾಮೆರಾದಲ್ಲಿ ಹಿಡಿದ ಮನೆಯ ವಿಡಿಯೋ ಚಿತ್ರಗಳಿದ್ದವು. ಅವನ್ನು ಆಕೆ ತನ್ನ ಅಕ್ಕನ ಮನೆಯ ಟಿವಿಯಲ್ಲಿ ನೋಡಬೇಕು, ನೋಡಿ ಮನಸ್ಸು ಕರಗಬೇಕು, ಕರಗಿದ ಮನಸ್ಸು ರೈಲು ಹತ್ತಬೇಕು. ಸರ್ವರ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ನಮ್ಮ ಕಪಾಟಿನಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಚಿತ್ರಗಳು. ಬೇರೆ ಊರಿನಲ್ಲಿ ಯಾರೋ ಗುಂಡಿ ಒತ್ತಿದರೆ ನಮ್ಮ ಪೆಟ್ಟಿಗೆ ತುತ್ತು ತುತ್ತಾಗಿ ಬಡಿಸುತ್ತ ಹೋಗುತ್ತದೆ. ಅದಕ್ಕೆ ಬೇಕಾದ ಕೋಡನ್ನು ಲೋಕದ ಮೂಲೆ ಮೂಲೆಯ ಜನ ಬರೆದು ಎಲ್ಲರಿಗೂ ಬಿಟ್ಟಿದ್ದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮನೆಗೆ ಒಯ್ಯಬಹುದು.

ಒಯ್ದ. ಹಚ್ಚಿದ. ಮೊದಲನೆಯ ಚಿತ್ರವೇ ನಿಂತುಹೋಯಿತು.

ಟೈಲರಮ್ಮ ಕಿಟಕಿ ಪಕ್ಕ ಹೊಲಿಯುತ್ತಿರುತ್ತಾಳೆ. ತಲೆಯೆತ್ತದೆ ಗಂಡನನ್ನು ಗದರುತ್ತಾಳೆ: "ಬೆಳಕಿಗೆ ಅಡ್ಡ ನಿಲ್ಲಬೇಡಿ ಅಂತ ಎಷ್ಟು ಸಲ ಹೇಳೋದು? ನೀವೇನು ಗಾಜಾ, ಆಚೆ ಕಡೆದು ಕಾಣೋಕೆ?" ಆಮೇಲೆ ದಾರ ಕಡಿದು, ತಲೆಯೆತ್ತಿ, ಇತ್ತ ತಿರುಗಿ ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಅಷ್ಟೇ. ಬಾಯಿ ತೆರೆದೇ ಇರುತ್ತದೆ, ಮುಖದ ಮೇಲೊಂದು ಚಕ್ರ ತಿರುಗುತ್ತದೆ.

"ಏನು ಹೇಳಿದ್ದಳೋ ಆಗ?" ಎಂದು ಕೇಳಿದೆ.

"ನೆನಪಿಲ್ಲ."

"ಎದುರಿಗೇ ನಿಂತಿದ್ದೆಯಲ್ಲೋ!"

"ನಾನು ಕ್ಯಾಮೆರಾ ನೋಡ್ತಿದ್ದೆ ಅಕ್ಕಾ."

ಬೇರೆ ಯಾವುದರಲ್ಲಿ ಹಾಕಿದರೂ ಚಿತ್ರ ಅಲ್ಲೇ ನಿಂತಿತು. ಕ್ಯಾಮೆರಾ ಕೆಟ್ಟು ಗುಜರಿಗೆ ಹೋಗಿ ಯಾವ ಕಾಲವಾಗಿತ್ತೋ. ನನ್ನ ತಮ್ಮ ಕಚೇರಿಯಿಂದ ಬಂದವನೇ ತೆರೆದ ಬಾಯಿಯ ಎದುರು ಕೂರುತ್ತಿದ್ದ. ಉಳಿದ ಚಿತ್ರಗಳು ಚೆನ್ನಾಗಿಯೇ ಓಡುತ್ತಿದ್ದವು, ಅವು ಅವನಿಗೆ ಬೇಡವಾದವು. ಮನಸ್ಸು ಕರಗಬೇಕಾದದ್ದು ಆ ಊರಿನಲ್ಲಿ, ಕರಗುತ್ತಿದ್ದದ್ದು ನಮ್ಮ ನಡುಕೋಣೆಯಲ್ಲಿ.

ಕಡೆಗೆ ಆ ಸರ್ವರಿನ ಕೋಡ್ ನೋಡಿಕೊಳ್ಳುವ ನಿರ್ವಾಹಕರಿಗೆ ಒಂದು ದೂರು ಬರೆದ. ಉತ್ತರ ಬಂತು. ಅದನ್ನು ಕಂಪ್ಯೂಟರು ತನಗೆ ತಿಳಿದ ಕನ್ನಡಕ್ಕೆ ತಿರುಗಿಸಿತು. ತಲೆ ನರೆತ ಮೇಲೆ ರಾತ್ರಿಶಾಲೆಯಲ್ಲಿ ಓದು ಕಲಿತವಳು ನಾನು, ಅಕ್ಷರ ಕಂಡರೆ ಬಿಡುವವಳಲ್ಲ. ಕನ್ನಡಕ ಏರಿಸಿ ಓದಿದೆ: "ಆತ್ಮೀಯ ಮನುಷ್ಯ, ನಾನು ದಣಿದಿದ್ದೇನೆ. ನನಗೆ ಈಗ ಮೇಕೆಗಳಿವೆ. ಕಾಳಜಿಯಿಂದ ಕೇಳಿದವರು ನೀವೊಬ್ಬರೇ. ಇಗೋ ಬೀಗದ ಕೈ."

ದೂರು ಕೊಡಲು ಹೋದವನನ್ನು ಕುರ್ಚಿಯಲ್ಲಿ ಕೂರಿಸಿ ಅಧಿಕಾರಿ ಎದ್ದು ಹೋದ ಹಾಗಾಯಿತು. ಹೀಗೆ ನನ್ನ ತಮ್ಮ ಲೋಕದ ಸರ್ವರೊಂದರ ನಿರ್ವಾಹಕನಾದ.

ಅವನಿಗೆ ಕೋಡ್ ಬರುತ್ತಿತ್ತೇ ಎಂದು ನೀವು ಕೇಳಬಹುದು. ಬರುತ್ತಿತ್ತು, ನನಗೆ ಈಜು ಬರುವಷ್ಟು. ನೀರು ಮೊಣಕಾಲಿನವರೆಗೆ ಇದ್ದರೆ ತೊಂದರೆಯಿಲ್ಲ. ಆದರೆ ನಿರ್ವಾಹಕನಾದವನು ಎಲ್ಲವನ್ನೂ ತಾನೇ ಬರೆಯಬೇಕಾಗಿಲ್ಲ. ದೂರದ ಜನ ತಿದ್ದುಪಡಿ ಬರೆದು ಕಳಿಸುತ್ತಾರೆ. ಇವನು ಓದಿ, ಸರಿಯಿದ್ದರೆ ಒಪ್ಪಬೇಕು, ಇಲ್ಲದಿದ್ದರೆ ಬೇಡವೆನ್ನಬೇಕು. ಅಷ್ಟು ದೂರದಿಂದ ಕಷ್ಟಪಟ್ಟು ಕಳಿಸಿದವರಿಗೆ ಬೇಡವೆನ್ನಲು ನಮ್ಮವನಿಗೆ ಸಂಕೋಚ. ಎಲ್ಲವನ್ನೂ ಒಪ್ಪಿದ. ಒಂದಕ್ಕೊಂದು ವಿರುದ್ಧವಾದ ಎರಡು ಬಂದರೆ ಎರಡನ್ನೂ ಒಪ್ಪಿದ. ಇಷ್ಟು ಸಜ್ಜನ ನಿರ್ವಾಹಕನನ್ನು ಅವರಾರೂ ಕಂಡಿರಲಿಲ್ಲ. ಕೆಲಸ ಮಾಡಲು ಜನ ಮುಗಿಬಿದ್ದರು.

ಅವರಲ್ಲಿ ಒಬ್ಬಾಕೆ ಯಾವಾಗಲೂ ಟೋಪಿ ಹಾಕಿದ ಫೋಟೋದವಳು. "ಚಿತ್ರ ಯಾಕೆ ನಿಲ್ಲುತ್ತದೆಂದು ಹುಡುಕಲು ನಿಲ್ಲುವ ಚಿತ್ರವೇ ಬೇಕು, ಕಳಿಸಿ," ಎಂದಳು. ಕಳಿಸಿದ. ಗದರಿಕೆಯ ಅರ್ಥವನ್ನೂ ಜೊತೆಗೆ ಬರೆದ. ಅವಳು ಎರಡನ್ನೂ ಪರೀಕ್ಷೆಯ ಚಿತ್ರವೆಂದು ಕೋಡಿನ ಜೊತೆಗೇ ಕಟ್ಟಿ, ಒಪ್ಪಿಗೆಗೆ ವಾಪಸು ಕಳಿಸಿದಳು. ಅವರಲ್ಲಿ ಅದೇ ಪದ್ಧತಿ. ಯಾವ ಚಿತ್ರ ತೊಂದರೆ ಕೊಟ್ಟಿತೋ ಅದನ್ನು ಒಳಗೇ ಇಟ್ಟುಕೊಂಡು, ಪ್ರತಿ ಸಲವೂ ಅದರ ಮೇಲೇ ಪರೀಕ್ಷೆ ಮಾಡುವುದು. ಸರ್ವರನ್ನು ಯಾರು ಹೊಸದಾಗಿ ಒಯ್ದರೂ ಮೊದಲಿಗೆ ತೆರೆದುಕೊಳ್ಳುವುದು ಆ ಚಿತ್ರವೇ.

ನನ್ನ ತಮ್ಮ ಒಪ್ಪಿದ.

ಅಂದಿನಿಂದ ಯಾವ ಯಾವುದೋ ದೇಶದ ಮನೆಗಳಲ್ಲಿ ಟೈಲರಮ್ಮ ಗದರತೊಡಗಿದಳು. ಪತ್ರಗಳು ಬಂದವು. "ನನ್ನ ಯಂತ್ರದಲ್ಲಿಯೂ ಮಹಿಳೆ ನಿಂತರು." "ನಾನು ಗಾಜಲ್ಲ ಎಂದು ನನ್ನ ಮಗಳು ಈಗ ನನಗೆ ಹೇಳುತ್ತಾಳೆ." "ಗೌರವಾನ್ವಿತ ನಿರ್ವಾಹಕರೇ, ದೋಷ ನಂತರ ನೋಡೋಣ. ಮಹಿಳೆ ಏನು ಹೇಳಲಿದ್ದಾರೆ?"

ಕೊನೆಯ ಪ್ರಶ್ನೆಯೇ ಎಲ್ಲರದೂ ಆಯಿತು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಬೀದಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ತಮ್ಮ ಔಷಧಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಕೇಳುತ್ತ, "ನಿರ್ವಾಹಕರ ಜವಾಬ್ದಾರಿ ಅಂದರೆ ಸಾಮಾನ್ಯವಲ್ಲ. ಲೋಕವೆಲ್ಲ ನಮ್ಮನೆಯವಳನ್ನೇ ನೋಡ್ತಿದೆ," ಎಂದು ನಿಟ್ಟುಸಿರು ಬಿಟ್ಟ. ಔಷಧಿ ಅಂಗಡಿಯಮ್ಮ ಮಾತ್ರೆ ಕೊಟ್ಟಳು, ಸುದ್ದಿಯನ್ನು ಇಟ್ಟುಕೊಂಡಳು. ಸಂಜೆಯ ಹೊತ್ತಿಗೆ ಟೈಲರಮ್ಮ ಸಿನಿಮಾ ಸೇರಿದ್ದಳು. ಮರುದಿನ ಎದುರುಮನೆಯ ಕ್ಷೌರದವರು ಕತ್ತರಿ ಹಿಡಿದೇ ಬಂದರು.

"ಅಕ್ಕಾ, ನಮಗೆ ಟಿಕೆಟ್ಟು ಬೇಡ, ಬಾಗಿಲಲ್ಲೇ ನಿಂತು ನೋಡಿ ಹೋಗ್ತೀವಿ."

ನೋಡಿದರು. ಬಾಯಿ ತೆರೆಯಿತು, ಚಕ್ರ ತಿರುಗಿತು.

"ಇದೇನು, ಇಲ್ಲೇ ಇಂಟರ್ವಲ್ಲಾ?"

"ಇದು ದೋಷ," ಎಂದ ತಮ್ಮ ಗಂಭೀರವಾಗಿ. "ಇದರ ಮೇಲೆ ಕೆಲಸ ನಡೀತಿದೆ."

"ದೋಷ ಗೀಷ ಬಿಡಿ, 'ಊಟಕ್ಕೆ ಬನ್ನಿ' ಅಂತಿದ್ದಾರೆ. ಆ ತುಟಿ ನೋಡಿ."

ಹಿಂದೆಯೇ ಬಂದಿದ್ದ ಔಷಧಿ ಅಂಗಡಿಯಮ್ಮ ಮೂಗು ಮುರಿದಳು. "ಊಟದ ಮುಖವೇನ್ರೀ ಅದು? 'ಕಾಲು ಒರೆಸಿಕೊಂಡು ಬನ್ನಿ' ಅಂತಿದ್ದಾಳೆ. ಜನ್ಮವೆಲ್ಲ ನಾನು ಹೇಳಿರೋದು ಅದನ್ನೇ, ಆ ಮುಖ ನನಗೆ ಗೊತ್ತಾಗೋಲ್ವಾ?"

ಇಬ್ಬರೂ ಹಟಕ್ಕೆ ಬಿದ್ದು ಮತ್ತೆ ಹಾಕಿಸಿದರು. ಅಂದಿನಿಂದ ಸಂಜೆಯಾದರೆ ನಮ್ಮ ಮನೆ ತುಂಬುತ್ತಿತ್ತು. ಬಂದವರೆಲ್ಲ ಟೈಲರಮ್ಮನ ಬಾಯಿಗೆ ತಮಗೆ ತೋಚಿದ ಮಾತು ತುರುಕಿ ಹೋಗುತ್ತಿದ್ದರು. ತಮ್ಮ ಮಾತ್ರ ಒಂದೂ ಹೇಳುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದ.

ಕ್ಷೌರದವರ ಕುರ್ಚಿಯಲ್ಲಿ ಒಂದು ದಿನ ಕೇಬಲ್ ಕಚೇರಿಯ ಇನ್ಸ್‌ಪೆಕ್ಟರು ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದರು. ಸುದ್ದಿ ಕೇಳಿ, ಅರ್ಧ ಗಡ್ಡ ಮುಗಿದದ್ದೇ ಎದ್ದು ಬಂದರು.

"ಪರವಾನಗಿ ಇಲ್ಲದೆ ಪ್ರಸಾರ ಮಾಡ್ತಿದ್ದೀರಂತೆ. ಮಾಲೀಕರು ಯಾರು?"

"ಇದಕ್ಕೆ ಮಾಲೀಕರಿಲ್ಲ ಸಾರ್."

"ಸರಿ, ದುಡ್ಡು ಹಾಕಿದವರು?"

"ಯಾರೂ ಇಲ್ಲ."

"ಕೆಲಸ ಮಾಡೋರು?"

"ಯಾರಿಗೆ ಮನಸ್ಸು ಬರುತ್ತೋ ಅವರು."

"ಮನಸ್ಸು ಬರದಿದ್ದರೆ?"

"ಕಾಯ್ತೀವಿ ಸಾರ್."

ಇನ್ಸ್‌ಪೆಕ್ಟರು ಪೆನ್ನು ಜೇಬಿಗೆ ಹಾಕಿದರು. ಅವರ ನೌಕರಿಯಲ್ಲಿ ಇಂಥ ಅಪರಾಧಿಯನ್ನು ಕಂಡಿರಲಿಲ್ಲ. "ಏನು ತೋರಿಸ್ತಿದ್ದೀರಿ, ಅದನ್ನ ಹಾಕಿ," ಎಂದರು. ಹಾಕಿದ. ಬಾಯಿ ತೆರೆಯಿತು. ಇನ್ಸ್‌ಪೆಕ್ಟರು ಬಹಳ ಹೊತ್ತು ಆ ಚಕ್ರವನ್ನೇ ನೋಡಿದರು.

"'ಯಾವಾಗ ಬರ್ತೀರಿ' ಅಂತಿದ್ದಾರೆ," ಎಂದರು ಮೆತ್ತಗೆ. ಅವರಿಗೆ ಈ ಊರಿಗೆ ವರ್ಗವಾಗಿತ್ತು, ಸಂಸಾರ ಬೇರೆ ಊರಿನಲ್ಲಿತ್ತು. ಮತ್ತೆ ಗಂಟಲು ಸರಿಮಾಡಿಕೊಂಡು, "ತನಿಖೆ ಮುಗಿದಿಲ್ಲ. ನಾಳೆ ಬರ್ತೀನಿ," ಎಂದು ಇನ್ನರ್ಧ ಗಡ್ಡಕ್ಕೆ ಹೊರಟರು. ನಾಳೆಯೂ ಬಂದರು, ನಾಡಿದ್ದೂ ಬಂದರು. ಸರ್ಕಾರದ ತನಿಖೆ ಅಷ್ಟು ಶ್ರದ್ಧೆಯಿಂದ ನಡೆದದ್ದನ್ನು ನಾನು ನೋಡಿಲ್ಲ.

ಈ ನಡುವೆ ಯಾರಿಗೂ ಹೊಳೆಯದ ಕಡೆ ಬೆಂಕಿ ಹತ್ತಿತು. ತಮ್ಮನ ಷಡ್ಡಕ, ಅಂದರೆ ಟೈಲರಮ್ಮನ ಅಕ್ಕನ ಗಂಡ, ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಆ ಶಾಲೆಯ ಸಭಾಂಗಣಕ್ಕೆ, ವ್ಯಾಯಾಮದ ಚಿತ್ರ ತೋರಿಸಲೆಂದು, ಖರ್ಚಿಲ್ಲದ ಒಂದು ಸರ್ವರ್ ತಂದು ಹಚ್ಚಿದರು. ಖರ್ಚಿಲ್ಲದ್ದು ಯಾವುದೆಂದು ಹೇಳಬೇಕಾಗಿಲ್ಲ. ಮಕ್ಕಳೆಲ್ಲ ಸಾಲಾಗಿ ಕೈ ಚಾಚಿ ನಿಂತಿದ್ದಾರೆ, ಮೇಷ್ಟ್ರು ಸೀಟಿ ಬಾಯಿಗಿಟ್ಟಿದ್ದಾರೆ, ಗೋಡೆಯಷ್ಟಗಲದ ಪರದೆಯ ಮೇಲೆ ಅವರ ನಾದಿನಿ ಬಂದು, "ನೀವೇನು ಗಾಜಾ?" ಎಂದು ಗದರಿ, ಬಾಯಿ ತೆರೆದು ನಿಂತುಬಿಟ್ಟಳು. ಆರಿಸಲು ಯಾರಿಗೂ ತಿಳಿಯಲಿಲ್ಲ. ಮಧ್ಯಾಹ್ನದವರೆಗೆ ಶಾಲೆ ಅವಳ ಬಾಯೆದುರೇ ನಡೆಯಿತು.

ಫೋನು ನನ್ನ ಕೈಯಲ್ಲಿದ್ದರೂ ಮೇಷ್ಟ್ರ ದನಿ ನಡುಕೋಣೆಯವರೆಗೆ ಕೇಳಿತು. "ಏನಯ್ಯಾ! ನಮ್ಮನೆ ಹೆಣ್ಣುಮಗಳನ್ನ ತಂದು ನನ್ನ ಶಾಲೆ ಗೋಡೆಗೆ ಅಂಟಿಸಿದ್ದೀಯಲ್ಲಾ! ತೆಗಿ! ಈಗಲೇ ತೆಗಿ! ಒಂದು, ಎರಡು..."

"ತೆಗೆಯೋಕೆ ಆಗಲ್ಲ ಭಾವ," ಎಂದ ತಮ್ಮ, ನನ್ನ ಕೈಯಿಂದ ಫೋನು ತೆಗೆದುಕೊಂಡು. "ನಮ್ಮಲ್ಲಿ ತೆಗೀಬಹುದು. ಒಯ್ದವರೆಲ್ಲರ ಹತ್ರ ಒಂದೊಂದು ಪ್ರತಿ ಇದೆಯಲ್ಲ."

ಅತ್ತ ಫೋನು ಕೈ ಬದಲಾಯಿತು. ಆಮೇಲೆ ಟೈಲರಮ್ಮನ ದನಿ. ಇಷ್ಟು ದಿನದಲ್ಲಿ ಅವಳು ಗಂಡನೊಂದಿಗೆ ಆಡಿದ ಮೊದಲ ಮಾತು ಅದು. "ನಾಳೆ ಬರ್ತೀನಿ. ತೆಗೆಸಿ, ಸಂಜೆ ರೈಲಿಗೆ ವಾಪಸ್ ಹೋಗ್ತೀನಿ."

ನನ್ನ ತಮ್ಮ ಫೋನಿಟ್ಟು ನನ್ನ ಕಡೆ ತಿರುಗಿದ. "ನೋಡಿದೆಯಾ ಅಕ್ಕಾ, ಬರ್ತಿದ್ದಾಳೆ," ಎಂದ. ವಾಕ್ಯದ ಅರ್ಧಕ್ಕೇ ಕಿವಿ ಮುಚ್ಚಿಕೊಳ್ಳುವ ವಿದ್ಯೆ ಅವನಿಗೆ ಹುಟ್ಟಿನಿಂದ ಬಂದದ್ದು. ಮನೆ ಗುಡಿಸಿದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ. ಹೊಸ ಅಂಗಿ ಹಾಕಿ, ಅದರ ಗುಂಡಿ ಕಿತ್ತುಹೋಗಿದ್ದು ಕಂಡು, ಅದೇ ಇರಲಿ, ಹೊಲಿದುಕೊಟ್ಟಾಳು ಎಂದು ಹಾಗೇ ಬಿಟ್ಟ.

ಮರುದಿನ ಅವಳು ಬಂದದ್ದು ಚೀಲವಿಲ್ಲದೆ. ಹಿಂದೆ ಡ್ರಿಲ್ ಮೇಷ್ಟ್ರು, ಕಾವಲಿನವರ ಹಾಗೆ. ಬೀದಿಯವರೆಲ್ಲ ಮೊದಲೇ ನಡುಕೋಣೆಯಲ್ಲಿ ಜಾಗ ಹಿಡಿದಿದ್ದರು. ಇನ್ಸ್‌ಪೆಕ್ಟರು ಪೂರ್ತಿ ಗಡ್ಡ ಬೋಳಿಸಿಕೊಂಡು ಮುಂದಿನ ಸಾಲಿನಲ್ಲಿದ್ದರು.

"ಚೆನ್ನಾಗಿದ್ದೀರಾ ಅಕ್ಕಾ?" ಎಂದಳು ನನಗೆ. ಗಂಡನಿಗೆ, "ತೆಗೀರಿ," ಎಂದಳು. ಕಿತ್ತುಹೋದ ಗುಂಡಿಯ ಜಾಗ ನೋಡಿ ಮುಖ ತಿರುಗಿಸಿದಳು.

ನನ್ನ ತಮ್ಮ ಕಂಪ್ಯೂಟರಿನ ಮುಂದೆ ಕೂತ. ಅಲ್ಲಿ ಟೋಪಿಯವಳ ಪತ್ರ ಕಾಯುತ್ತಿತ್ತು. ಕನ್ನಡಕ ಏರಿಸಿ ನಾನೇ ಜೋರಾಗಿ ಓದಿದೆ. "ಗೌರವಾನ್ವಿತ ನಿರ್ವಾಹಕರೇ, ದೋಷ ಸಿಕ್ಕಿದೆ. ನಿಮ್ಮ ಹಳೆಯ ಕ್ಯಾಮೆರಾದಲ್ಲಿ ಚಿತ್ರ ಮುಂದೆ ಹೋಗಿದೆ, ದನಿ ಹಿಂದೆ ಉಳಿದಿದೆ. ಎರಡೂ ಸೇರಲಿ ಎಂದು ಸರ್ವರ್ ಕಾಯುತ್ತದೆ. ಅವು ಸೇರುವುದಿಲ್ಲ. ಕಾಯಬೇಡ ಎಂದು ನಾನು ಅದಕ್ಕೆ ಹೇಳಿದ್ದೇನೆ. ದನಿ ತಡವಾಗಿ ಬರುತ್ತದೆ, ಆದರೆ ಬರುತ್ತದೆ. ಒಪ್ಪುತ್ತೀರಾ?"

ಬೀದಿಯವರೆಲ್ಲ ಪರದೆಯ ಹತ್ತಿರಕ್ಕೆ ಸರಿದರು.

"ಯಾವುದನ್ನೂ ಒಪ್ಪಬೇಡಿ, ತೆಗೀರಿ ಅಂದೆ," ಎಂದಳು ಟೈಲರಮ್ಮ.

"ಒಂದೇ ಒಂದು ಸಲ ತಾಯಿ," ಎಂದರು ಇನ್ಸ್‌ಪೆಕ್ಟರು. "ನನ್ನ ತನಿಖೆ ಬಾಕಿ ಇದೆ."

ಜೀವಮಾನವೆಲ್ಲ ಎಲ್ಲವನ್ನೂ ಒಪ್ಪಿದ ನನ್ನ ತಮ್ಮ ಮೊದಲ ಬಾರಿಗೆ ಹೆಂಡತಿಯ ಮುಖ ನೋಡಿ ಕಾದ. ಅವಳು ಗೋಡೆಗೊರಗಿ, "ಹಾಕಿ, ಅದೊಂದು ಆಗಿಹೋಗಲಿ," ಎಂದಳು. ಒಪ್ಪಿದ.

ಪರದೆಯ ಮೇಲಿನ ಟೈಲರಮ್ಮ ಹೊಲಿದಳು, ಗದರಿದಳು, ದಾರ ಕಡಿದಳು, ತಿರುಗಿ ಬಾಯಿ ತೆರೆದಳು. ಚಕ್ರ ಬರಲಿಲ್ಲ. ತುಟಿಗಳು ಆಡಿದವು, ಮಾತು ಮಾತ್ರ ಕೇಳಿಸಲಿಲ್ಲ. ಹಿಂದುಳಿದ ಯಂತ್ರದ ಕಟಕಟ ಸದ್ದು ಇನ್ನೂ ನಡೆದಿತ್ತು.

"ಊಟ! ಊಟ ಅಂದರು!" ಎಂದರು ಕ್ಷೌರದವರು.

"ಬಾಯಿ ಮುಚ್ಚಿ, ದನಿ ಬರಲಿ!"

ಪರದೆಯ ಟೈಲರಮ್ಮ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆ ಚೂರುಗಳನ್ನು ಬಾಚಿ ತೊಡೆಗೆ ಹಾಕಿಕೊಂಡಳು. ಕೈಯಿಂದ ಸ್ಟೂಲು ಒರೆಸಿದಳು. ತಲೆಯೆತ್ತಿ ನಮ್ಮೆಲ್ಲರ ಕಡೆ ನೋಡುತ್ತ ಕೂತಳು. ಅಷ್ಟರಲ್ಲಿ ಕ್ಯಾಮೆರಾ ಅವಳನ್ನು ಬಿಟ್ಟು ಕಿಟಕಿಯಾಚೆ ತಿರುಗಿತು. ಅಲ್ಲೊಂದು ಪಾರಿವಾಳ. ಕತ್ತು ಕೊಂಕಿಸಿ ಅತ್ತ ಇತ್ತ ನಡೆಯುತ್ತಿತ್ತು. ಆಗ ಬಂತು ದನಿ, ಪಾರಿವಾಳದ ಮೇಲೆ.

"ಅದನ್ನ ಕೆಳಗಿಡಿ. ಬನ್ನಿ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ."

ಪಾರಿವಾಳ ರೆಕ್ಕೆ ಕೊಡವಿತು. ಕ್ಯಾಮೆರಾ ಮೆಲ್ಲಗೆ ಅವಳತ್ತ ವಾಪಸು ಬಂತು. ಅವಳು ಬಟ್ಟೆ ಚೂರುಗಳನ್ನು ಮತ್ತೆ ಸ್ಟೂಲಿನ ಮೇಲಿಟ್ಟು, ಬೆನ್ನು ತಿರುಗಿಸಿ ಹೊಲಿಯುತ್ತಿದ್ದಳು. ಆ ಬೆನ್ನಿನ ಮೇಲೆ ನನ್ನ ತಮ್ಮನ ಉತ್ಸಾಹದ ದನಿ ಬಂತು: "ಬಂದೆ, ಬಂದೆ, ಒಂದು ನಿಮಿಷ."

ಚಿತ್ರ ಮುಗಿಯಿತು.

ಕ್ಷೌರದವರು ತಡೆಯಲಾರದೆ, "ಆಮೇಲೆ ಹೋಗಿ ಕೂತಿರಾ?" ಎಂದು ಕೇಳಿದರು.

ತಮ್ಮ ನೆಲ ನೋಡಿದ. "ಪಾರಿವಾಳ ಚೆನ್ನಾಗಿತ್ತು..."

"ಥೂ ನಿಮ್ಮ!" ಎಂದಳು ಔಷಧಿ ಅಂಗಡಿಯಮ್ಮ. ಡ್ರಿಲ್ ಮೇಷ್ಟ್ರು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಇನ್ಸ್‌ಪೆಕ್ಟರಿಗೆ ಕಾನೂನಿನ ಒಂದು ಅಂಶ ಹೊಳೆಯಿತು. "ಅಲ್ಲಮ್ಮಾ, ಏನು ಹೇಳಿದ್ದಿರಿ ಅಂತ ನಿಮಗೆ ನೆನಪಿತ್ತಾ?"

"ಇರದೆ ಏನು?"

"ಮತ್ತೆ ನಿಮ್ಮನ್ನೇ ಕೇಳಬಹುದಿತ್ತಲ್ಲ!"

"ಯಾರು ಕೇಳಿದರು?" ಎಂದಳು ಟೈಲರಮ್ಮ.

ದೇಶ ದೇಶಗಳ ಬುದ್ಧಿವಂತರು ಟೋಪಿ ಹಾಕಿಕೊಂಡು ದುಡಿದಿದ್ದರು. ಸರ್ಕಾರ ತನಿಖೆ ನಡೆಸಿತ್ತು. ಅಕ್ಷರ ಕಲಿತ ನಾನೂ ಪತ್ರ ಓದುತ್ತ ಕೂತಿದ್ದೆ. ಒಂದು ಫೋನು ಮಾಡಿ "ಏನು ಹೇಳಿದ್ದೆ?" ಎಂದು ಕೇಳುವುದು ಯಾರಿಗೂ ಹೊಳೆದಿರಲಿಲ್ಲ.

ಪರದೆಯ ಮೇಲೆ ಪಟಪಟನೆ ಪತ್ರಗಳು ಬೀಳತೊಡಗಿದವು. ಏನೆಂದರು, ಏನೆಂದರು, ನಮಗೆ ನಿಮ್ಮ ಭಾಷೆ ಬಾರದು, ದಯವಿಟ್ಟು ಹೇಳಿ. ತಮ್ಮ ಅದನ್ನು ನೋಡಲಿಲ್ಲ. ಟೈಲರಮ್ಮ ಚಪ್ಪಲಿ ಮೆಟ್ಟುತ್ತಿದ್ದಳು.

"ತೆಗೆಯೋದು ಬೇಡವಾ?" ಎಂದ.

"ಇರಲಿ ಬಿಡಿ. ಪೂರ್ತಿ ಕೇಳೋ ಹಾಗಾಯ್ತಲ್ಲ. ನನಗೆ ರೈಲಿದೆ. ಅಲ್ಲಿ ಹೊಲಿಗೆ ಕೆಲಸ ತುಂಬಾ ಬಂದಿದೆ, ಬಿಟ್ಟು ಬರೋಕಾಗಲ್ಲ."

"ನಾನೂ ಬರ್ಲಾ?"

"ಅಲ್ಲಿ ಕಿಟಕಿ ಚಿಕ್ಕದು. ಅಡ್ಡ ನಿಲ್ಲೋಕೆ ಜಾಗ ಇಲ್ಲ."

"ನಿಲ್ಲಲ್ಲ. ಕೂತ್ಕೋತೀನಿ."

ಅವಳು ಬಾಗಿಲಲ್ಲಿ ಸ್ವಲ್ಪ ತಡೆದಳು. ನನ್ನ ತಮ್ಮ ಒಂದು ಕಾಲಿಗೆ ಅವನ ಚಪ್ಪಲಿ, ಇನ್ನೊಂದಕ್ಕೆ ಇನ್ಸ್‌ಪೆಕ್ಟರ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದ. ಇನ್ಸ್‌ಪೆಕ್ಟರು ನೋಡಿದರು, ಕರೆಯಲಿಲ್ಲ. ಬೆಸ ಚಪ್ಪಲಿಯಲ್ಲೇ ಕಚೇರಿಗೆ ಹೋಗಿ, ಊರಿಗೆ ಹೋಗಲು ರಜೆ ಕೇಳಿದರೆಂದು ಆಮೇಲೆ ತಿಳಿಯಿತು.

ತಮ್ಮನೂ ಹೆಂಡತಿ ಇರುವ ಊರಿನಿಂದಲೇ ಕಚೇರಿಗೆ ರಜೆ ಬರೆದು ಕಳಿಸಿದ. ರಜೆ ಮುಗಿಯಿತು, ಅದನ್ನು ಮುಂದುವರಿಸಿದ. ಬೀದಿಯವರು ಈಗ ಸಂಜೆ ಬರುವುದಿಲ್ಲ. ನೋಡಲು ಏನೂ ಬಾಕಿಯಿಲ್ಲವಲ್ಲ. ಕಪಾಟಿನ ಪೆಟ್ಟಿಗೆಯೊಂದು ನನ್ನ ಜೊತೆಗಿದೆ. ಅದಕ್ಕೂ ಜೀವವಿದೆಯೇನೋ ಎನ್ನುವ ಹಾಗೆ ಸಣ್ಣಗೆ ಗುಂಯ್‌ಗುಡುತ್ತದೆ. ಒಮ್ಮೊಮ್ಮೆ ಅದರ ಮಾತಿಗೆ ಹ್ಞೂಂಗುಡುತ್ತೇನೆ.

ಪತ್ರಗಳು ಮಾತ್ರ ನಿಂತಿಲ್ಲ. ಮೊನ್ನೆ ಟೋಪಿಯವಳು ಬರೆದಳು: "ನಿರ್ವಾಹಕರು ಎಲ್ಲಿ? ಒಪ್ಪಿಗೆಗೆ ಬಹಳ ಕೆಲಸ ಕಾದಿದೆ."

ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದೆ: "ಹೆಂಡತಿ ಪಕ್ಕ ಕೂತಿದ್ದಾರೆ."

ಅವಳು ಕೂಡಲೇ ಕೇಳಿದಳು: "ಯಾವಾಗ ಏಳುತ್ತಾರೆ?"

ಮುಂದಿನ ಕೋಣೆಯ ಕಡೆ ಒಮ್ಮೆ ನೋಡಿದೆ. ಕಿಟಕಿಯ ಬೆಳಕು ನೇರ ಒಳಗೆ ಬಂದು ಖಾಲಿ ನೆಲದ ಮೇಲೆ ಬಿದ್ದಿತ್ತು, ಅಡ್ಡ ಯಾರೂ ಇರಲಿಲ್ಲ.

"ಸದ್ಯಕ್ಕೆ ಏಳುವ ಹಾಗೆ ಕಾಣುವುದಿಲ್ಲ," ಎಂದು ಬರೆದೆ. ಬರೆಯುವಾಗ ಬಹಳ ಸಂತೋಷವಾಯಿತು. ಬರೆದು ಮುಗಿಸಿದ ಮೇಲೆ ಮನೆ ಸ್ವಲ್ಪ ದೊಡ್ಡದಾಗಿ ಕಂಡಿತು.